ಎಡೆಗೆ ಮುಂಚಿನ ಗುಟುಕು

"ಎಡೆಗೆ ಇಡೋದ್ನ ಮೊದ್ಲು ನಾನು ಕುಡ್ದು ನೋಡ್ತೀನಿ," ಎಂದಳು ಚಿಕ್ಕನಿಂಗಮ್ಮ. ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ, ಅಜ್ಜೀಪುರದ ಆ ಮನೆಯಲ್ಲಿ ಅವಳ ಗಂಡನ ಫೋಟೋ ಮುಂದೆ ಬಾಳೆಲೆ ಹಾಸಿ ಆಗಿತ್ತು.

ಮೈದುನ ನಾಗರಾಜು ಬೆಚ್ಚಿದ. ಸತ್ತ ಹಿರಿಯರು ಬಂದು ಮುಟ್ಟುವ ತನಕ ಉಪ್ಪು ಸಾಕೇ ಎಂದು ಸಾರನ್ನೂ ನಾಲಿಗೆಗೆ ತಾಗಿಸದ ಮನೆ ಅದು. "ಎಂಜ್ಲಾಗೋಯ್ತದೆ ಕಣತ್ಗೆ."

"ನಿಮ್ಮಣ್ಣನ ಎಂಜ್ಲೆಲೇಲಿ ಮೂವತ್ತು ವರ್ಸ ಉಂಡಿವ್ನಿ. ಇವತ್ತೊಂದಿನ ನನ್ ಎಂಜ್ಲ ಅವ್ನು ಕುಡೀಲಿ."

ಗಂಡನ ಎಡೆಗೆ ಆಕೆ ವರ್ಷ ವರ್ಷವೂ ಕೋಳಿ, ಕಜ್ಜಾಯ, ಬೀಡಿ ಎಲ್ಲ ಇಟ್ಟಿದ್ದಳು. ಕುಡಿಯುವುದಕ್ಕೆ ಮಾತ್ರ ನೀರು ಬಿಟ್ಟು ಬೇರೇನೂ ಇಟ್ಟಿರಲಿಲ್ಲ. ಬದುಕಿದ್ದಾಗ ಕುಡಿದು ಬಂದ ದಿನವೆಲ್ಲ ಅವನು ಅನ್ನದ ತಟ್ಟೆಯನ್ನು ಅಂಗಳಕ್ಕೆ ಎಸೆಯುತ್ತಿದ್ದ. ಬೀದಿಯ ನಾಯಿಗಳು ಆ ಕಾಲದಲ್ಲಿ ಬಲು ದಪ್ಪಗಿದ್ದವು. ಅಣ್ಣ ಕನಸಿಗೆ ಬಂದು ಗಂಟಲು ಒಣಗಿದೆ ಅನ್ನುತ್ತಾನೆಂದು ನಾಗರಾಜು ಪ್ರತಿ ಸಲ ಹನೂರಿನಿಂದ ಬ್ರಾಂದಿ ತರುವುದು, ಅತ್ತಿಗೆ ಒಪ್ಪದಿದ್ದಾಗ ಅಣ್ಣನ ಪರವಾಗಿ ತನ್ನ ಗಂಟಲನ್ನೇ ತೋಯಿಸಿಕೊಳ್ಳುವುದು ನಡೆದೇ ಇತ್ತು.

ಈ ಸಲ ಬಾಟಲಿ ತಂದವಳು ಮೊಮ್ಮಗಳು ರೂಪ. ಅವಳು ಕೆಲಸಕ್ಕಿರುವ ರೆಸಾರ್ಟಿನಲ್ಲಿ, ಬಚ್ಚಲಿನ ಜಾಲರಿಯಿಂದ ವಜ್ರದ ಓಲೆ ಹುಡುಕಿಕೊಟ್ಟಿದ್ದಕ್ಕೆ ಅತಿಥಿಯೊಬ್ಬರು ಕೊಟ್ಟ ಫ್ರಾನ್ಸಿನ ಶಾಂಪೇನು. ಇದನ್ನಾದರೂ ಒಂದು ಸಲ ಇಡು ಎಂದು ಅವಳು ಗೋಗರೆದಾಗ ಅಜ್ಜಿ ಹಾಕಿದ ಷರತ್ತು ಇದು.

ರೂಪ ಬಾಟಲಿಯ ಬಿರಡೆಗೆ ಬಿಗಿದಿದ್ದ ತಂತಿ ಬಿಚ್ಚಿದಳು. ಬಿರಡೆ ಢಂ ಎಂದು ಸೂರಿಗೆ ಬಡಿದು, ಅಲ್ಲಿದ್ದ ಹಲ್ಲಿ ನಾಗರಾಜುವಿನ ಹೆಗಲಿಗೆ ಬಿತ್ತು. ಅಣ್ಣನೇ ಬಂದನೆಂದು ಅವನು ಕೈಮುಗಿದ.

ಸ್ಟೀಲ್ ಲೋಟದಲ್ಲಿ ನೊರೆ ಇಳಿಯಿತು. ಮೊದಲು ಮೂಸಬೇಕಂತೆ ಎಂದು ರೂಪ ಹೇಳಿಕೊಟ್ಟಳು. ಅಜ್ಜಿ ಮೂಸಿ, ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ ಬಾಯೊಳಗೇ ಹೊರಳಿಸಿದಳು. ಕಾವಲಿ ಮೇಲಿನ ರೊಟ್ಟಿ, ಹುರಿದ ಕಳ್ಳೆಕಾಯಿ, ನಿಂಬೆ ಸಿಪ್ಪೆ, ಕೊನೆಗೊಂದು ಚೂರು ಜೇನು ಎಂದು ಒಂದೊಂದಾಗಿ ಹೆಕ್ಕಿಟ್ಟಳು. ರೆಸಾರ್ಟಿನಲ್ಲಿ ಇದೇ ಶಾಂಪೇನಿನ ಇನ್ನೊಂದು ಬಾಟಲಿ ತೆರೆದಿದ್ದ ಆ ಅತಿಥಿ ಅರ್ಧ ಗಂಟೆ ಲೋಟ ತಿರುಗಿಸಿ ಹೇಳಿದ್ದೂ ಹೆಚ್ಚುಕಮ್ಮಿ ಇಷ್ಟನ್ನೇ. ಎಂಜಲಂತೂ ಆಯಿತಲ್ಲ ಎಂದು ನಾಗರಾಜುವೂ ಒಂದು ಗುಟುಕು ಏರಿಸಿ, ಏರದ ಸೋಡಾ ಎಂದು ಮುಖ ಕಿವುಚಿದ.

"ಇಷ್ಟೊಂದು ರುಚಿ ಎಂಗ್ ಬಂತು ಇದ್ಕೆ?" ಎಂದಳು ಅಜ್ಜಿ.

ಒಂದೇ ವರ್ಷದ ದ್ರಾಕ್ಷಿ, ಬೇರೆ ವರ್ಷದ್ದು ಬೆರೆಸುವಂತಿಲ್ಲ. ನೆಲಮಾಳಿಗೆಯ ಕತ್ತಲಲ್ಲಿ ಅಲುಗಾಡಿಸದೆ ವರ್ಷಗಟ್ಟಲೆ ಮಲಗಿಸುತ್ತಾರೆ ಎಂದು ರೂಪ ವಿವರಿಸಿದಳು. ಇದು ಎರಡು ಸಾವಿರದ ಎಂಟರದ್ದು.

ಚಿಕ್ಕನಿಂಗಮ್ಮ ಬೆರಳು ಮಡಿಸಿದಳು. "ನಿಮ್ಮಜ್ಜನ್ನ ಮಣ್ಗಿಟ್ಟಿದ್ದೂ ಅದೇ ವರ್ಸ್ವೇಯ."

ಆಮೇಲೆ ಲೋಟ ತುಂಬಿಸಿ ತಾನೇ ಎಲೆಯ ಬಲಕ್ಕೆ ಇಟ್ಟಳು. ಉಳಿದಿಬ್ಬರು ಕೈಮುಗಿದರು. ಅವಳು ಸೊಂಟದ ಮೇಲೆ ಕೈಯಿಟ್ಟು ಫೋಟೋವನ್ನೇ ನೋಡಿದಳು.

"ನಿನ್ ವಾರಿಗೇದೇ ಇದು. ನಿನ್ನಷ್ಟೇ ವರ್ಸ ಕತ್ಲಲ್ಲಿ ಮನಗಿತ್ತಂತೆ. ನೋಡಿ ಕಲ್ತ್ಕೊ."