ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿ

ಮಗ, ಸೊಸೆಯ ಜೊತೆ ವಿಯೆನ್ನಾ ನೋಡಲು ಬಂದ ನೀಲವ್ವ ದೊಡ್ಡ ಚರ್ಚಿನ ಮೆಟ್ಟಿಲ ಮೇಲೆ ತನ್ನ ಹೊಸ ಚಪ್ಪಲಿ ಬಿಟ್ಟಳು.

“ಅವ್ವಾ, ಇಲ್ಲಿ ಯಾರೂ ಚಪ್ಪಲಿ ಬಿಡೂದಿಲ್ಲ,” ಎಂದ ಮಗ.

“ದೇವರ ಮುಂದ ಚಪ್ಪಲಿ ಹಾಕ್ಕೊಂಡು ನಿಲ್ಲಲೇನು? ಅದಿರ್ಲಿ, ಅಲ್ಲಿ ಕೋಟಿನ ಮುದುಕನ್ನ ನೋಡು. ಆಗಿಂದ ನನ್ನ ಚಪ್ಪಲಿ ಮ್ಯಾಲೇ ಕಣ್ಣಿಟ್ಟಾನ.”

ಊರ ಗುಡಿಯಲ್ಲಿ ಎರಡು ಜೊತೆ ಕಳೆದುಕೊಂಡವಳು ಅವಳು. ಒಳಗೆ ಕೈ ಮುಗಿದು ನಿಂತರೂ ಜೀವವೆಲ್ಲ ಬಾಗಿಲಾಚೆಯೇ ಇತ್ತು. ತಿರುಗಿ ನೋಡಿದರೆ ಮುದುಕ ಚಪ್ಪಲಿಯ ಹತ್ತಿರ ಬಗ್ಗಿದ್ದ.

“ಹೋತು, ಹೊತ್ಕೊಂಡು ಹೋದ!”

“ಅತ್ತೀ, ಮೆಲ್ಲಕ. ಎಲ್ಲಾರೂ ನೋಡಾಕತ್ತಾರ.” ಸೊಸೆ ಕೈ ಹಿಡಿದಳು.

ಕೈ ಕೊಡವಿಕೊಂಡು ನೀಲವ್ವ ಬಾಗಿಲಿಗೆ ಓಡಿದಳು. ಚಪ್ಪಲಿ ಬಿಟ್ಟಲ್ಲೇ ಇದ್ದವು. ಅವುಗಳ ಮಗ್ಗುಲಿಗೆ ತನ್ನ ಬೂಟು ಜೋಡಿಸಿಟ್ಟು ಮುದುಕ ಬರಿಗಾಲಲ್ಲಿ ಒಳಗೆ ಬರುತ್ತಿದ್ದ.