ಹಾಳೆಯ ಮೇಲಿನ ರಜೆ

ಅಂಗಡಿಯಲ್ಲಿ ದುಡಿದ ತಂಗಿಗೆ ಅಣ್ಣ ಎಂದೂ ಸಂಬಳ ಕೊಡಲಿಲ್ಲ. ಈ ವರ್ಷ ಕೊಟ್ಟಿದ್ದೇನೆಂದು ಬರೆಸಿದ.

ಬರೆದವನು ತೆರಿಗೆ ಸಲಹೆಗಾರ. ಹೊಲಿಗೆ ಮಷೀನು ಮಾರಿ ರಿಪೇರಿ ಮಾಡುವ ಆ ಅಂಗಡಿಯಲ್ಲಿ ತಂಗಿ ದಿನವಿಡೀ ಕೂರುವ ಕುರ್ಚಿಯಲ್ಲೇ ಕೂತು, ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ತೆರೆದಿದ್ದ. ತಂಗಿ ಪಕ್ಕದಲ್ಲಿ ನಿಂತೇ ಫೋನಿನಲ್ಲಿ ಯಾರಿಗೋ ಬಾಬಿನ್ ಕೂರಿಸುವುದನ್ನು ಹೇಳಿಕೊಡುತ್ತಿದ್ದಳು. "ಬಲವಂತ ಮಾಡ್ಬೇಡಿ ಅಮ್ಮ. ಟಕ್ ಅನ್ನೋವರೆಗೆ ನಿಧಾನಕ್ಕೆ ಒತ್ತಿ. ಟಕ್ ಅಂತಾ? ಹಾಂ, ಇನ್ನು ಅದು ನಿಮ್ಮ ಮಾತು ಕೇಳುತ್ತೆ."

"ಇವರ ಬಾಯಿಂದಾನೇ ನಿಮ್ಮ ಅಂಗಡಿ ನಡೀತಿರೋದು ಯಜಮಾನ್ರೇ," ಸಲಹೆಗಾರ ಹೇಳಿದ. "ಗಿರಾಕಿ ಮಷೀನು ಮರೀತಾನೆ, ದನಿ ಮರೆಯಲ್ಲ. ಇಂಥವರನ್ನ ಮನೆಯವರು ಅಂತ ಲೆಕ್ಕದಿಂದ ಹೊರಗಿಟ್ರೆ ಲಾಭವೆಲ್ಲ ನಿಮ್ಮ ತಲೆಗೇ ಬರುತ್ತೆ, ತೆರಿಗೆ ಜಾಸ್ತಿ. ಸಂಬಳ ಅಂತ ತೋರಿಸಿದ್ರೆ ಅದು ಖರ್ಚು. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ಹಾವು ಯಾರು, ನಾನಾ?" ತಂಗಿ ಫೋನಿಟ್ಟು ಕೇಳಿದಳು. ಅಣ್ಣ ನಕ್ಕ. ಅವಳೂ ನಕ್ಕಳು.

ಪ್ರಿಂಟರಿನಿಂದ ಹಾಜರಿ, ಸಂಬಳದ ಹಾಳೆ ಬಿಸಿಬಿಸಿಯಾಗಿ ಹೊರಬಂತು. ಕೊನೆಯಲ್ಲಿ ಅವಳ ಸಹಿಗೆ ಜಾಗ. ತಂಗಿ ಕಣ್ಣಾಡಿಸಿದಳು. "ಎಷ್ಟು ತಗೋತಾಳಪ್ಪ ಈ ಮಹಾತಾಯಿ. ನನ್ನ ಹೆಸರು ಬೇರೆ ಇಟ್ಕೊಂಡಿದಾಳೆ. ಎಲ್ಲಾದ್ರೂ ಸಿಕ್ಕಿದ್ರೆ ಒಂದು ಜೊತೆ ಚಪ್ಪಲಿ ಕೊಡ್ಸೇ ಅಂತ ಕೇಳ್ಬೇಕು." ಮನೆಯ ಮಾತು ಮನೆಯಲ್ಲೇ ಇರಲಿ ಎಂದುಕೊಂಡು ಪೆನ್ನನ್ನೂ ಎತ್ತಿಕೊಂಡಳು. ಅಷ್ಟರಲ್ಲಿ ಹಾಳೆಯ ನಡುವೆ ಒಂದು ಸಾಲು ಹಳದಿ ಕಂಡಿತು.

"ಇದೇನು ಹಳದಿ?"

"ರಜೆ ಅಮ್ಮ. ವರ್ಷವೆಲ್ಲ ಒಂದು ದಿನವೂ ತಪ್ಪಿಸದೆ ಬಂದ್ರು ಅಂತ ಬರೆದ್ರೆ ಯಾವ ಅಧಿಕಾರಿ ನಂಬ್ತಾನೆ? ಕೆಲವು ಸಲ ನಿಜ ಬರೆದ್ರೇನೇ ಕಷ್ಟ. ಅದಕ್ಕೇ ಸ್ವಲ್ಪ ರಜೆ ಕೊಟ್ಟಿದೀನಿ." ತನ್ನ ಗಂಟಿನಿಂದ ಬಿಚ್ಚಿ ಕೊಟ್ಟವನಂತೆ ಹೇಳಿದ.

ಹಳದಿಯ ಪಕ್ಕದಲ್ಲಿ ಕಾರಣವಿತ್ತು: ಅಕ್ಕನ ಆರೈಕೆ.

ಶಾಲೆ ತೆರೆಯುವ ಮುಂಚಿನ ವಾರಗಳವು. ಸಮವಸ್ತ್ರ ಹೊಲಿಯುವವರ ಮಷೀನುಗಳೆಲ್ಲ ಮಾತಾಡಿಕೊಂಡಂತೆ ಒಟ್ಟಿಗೇ ಕೆಡುವ ಕಾಲ. ಅಕ್ಕ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. "ನೀನೇ ಬಂದು ತಲೆ ಬಾಚ್ಬೇಕು ಕಣೆ, ಇಲ್ಲಿ ನರ್ಸು ಹಳೇ ಹೊಲಿಗೆ ಬಿಚ್ಚೋ ಹಾಗೆ ಎಳೀತಾಳೆ" ಎಂದು ಫೋನು ಮಾಡಿದ್ದಳು. ಹೋಗಿಬರುತ್ತೇನೆಂದು ತಂಗಿ ಕೇಳಿದಾಗ, "ಈಗ ನೀನು ಎದ್ದುಹೋದ್ರೆ ನಾನು ಬೀಗ ಹಾಕ್ಕೊಂಡು ಕೂರ್ಬೇಕು" ಎಂದಿದ್ದ ಅಣ್ಣ. ಈ ವಾರ ಕಳೀಲಿ ಅಕ್ಕ, ಬಂದೇ ಬಿಡ್ತೀನಿ ಎಂದು ತಂಗಿ ಹೇಳುತ್ತ ಹೋದಳು. ಅಣ್ಣ ತಂಗಿ ಇಬ್ಬರೂ ಹೋದದ್ದು ಎಲ್ಲ ಮುಗಿದ ಮೇಲೆ. ಹೊದಿಕೆ ಸರಿಸಿ ನೋಡಿದಾಗ ಅಕ್ಕನ ತಲೆ ಯಾರೋ ಬಾಚಿದ್ದರು. ಬೈತಲೆ ತಪ್ಪು ಪಕ್ಕಕ್ಕಿತ್ತು.

ತಂಗಿ ಹಳದಿಯನ್ನೇ ನೋಡುತ್ತ ನಿಂತಳು. ಈ ಹಾಳೆಯ ಹೆಂಗಸು ಹೋಗಿದ್ದಳು. ಬಸ್ಸಿಳಿದು, ದಾರಿ ಕೇಳಿಕೊಂಡು, ಆಸ್ಪತ್ರೆಯ ಮೆಟ್ಟಿಲು ಹತ್ತಿರಬೇಕು. "ಬಂದ್ಯಾ? ಮೊದ್ಲು ಕೈ ತೊಳ್ಕೊ" ಎಂದು ಅಕ್ಕ ಗದರಿರಬೇಕು. ಕೂದಲನ್ನು ಬುಡದಲ್ಲಿ ಮುಷ್ಟಿ ಹಿಡಿದು, ನೋಯದಂತೆ ತುದಿಯಿಂದ ಸಿಕ್ಕು ಬಿಡಿಸುತ್ತ ಬಂದಿರಬೇಕು. ಚಿಕ್ಕಂದಿನಲ್ಲಿ ಅಕ್ಕ ಇವಳಿಗೆ ಮಾಡುತ್ತಿದ್ದಂತೆ. ಮಧ್ಯಾಹ್ನ ಆ ಕಿರಿದಾದ ಮಂಚದಲ್ಲೇ ಒತ್ತರಿಸಿಕೊಂಡು ಮಲಗಿ, ಅಣ್ಣನ ಜಿಪುಣತನ ಆಡಿಕೊಂಡು ನಕ್ಕಿರಬೇಕು. ಅವಳ ಸಂಬಳ ಕಂಡು ಬಾರದ ಹೊಟ್ಟೆಕಿಚ್ಚು ಈ ದಿನಗಳನ್ನು ಕಂಡು ಬಂತು. ಒಂದು ಸಹಿ ಹಾಕಿದರೆ ಆ ಹೆಂಗಸು ತಾನೇ ಆಗಿಬಿಡಬಹುದು.

"ಇವರು ಜ್ವರ ಅಂತ ಹಾಕ್ತೀನಿ ಅಂದ್ರು," ಅಣ್ಣ ಮೆಲ್ಲಗೆ ಹೇಳಿದ. "ನಾನೇ ಇದನ್ನ ಬರೆಸ್ದೆ ಪುಟ್ಟಿ. ಆಗಂತೂ ಕಳಿಸಕ್ಕಾಗ್ಲಿಲ್ಲ. ಹೀಗಾದ್ರೂ ನೀನು ಹೋಗಿಬಂದ ಹಾಗಾಗ್ಲಿ ಅಂತ. ನನಗೂ ತಂಗೀನೇ ಅಲ್ವಾ ಅವಳು?"

ಅವನ ದನಿಯಲ್ಲಿ ಕಪಟವಿರಲಿಲ್ಲ. ಉಡುಗೊರೆ ಕೊಡುವವನ ಸಂಕೋಚವಿತ್ತು. "ಹಾಕು ಸಹಿ. ಯಾರಾದ್ರೂ ಕೇಳಿದ್ರೆ ಹೋಗಿದ್ದೆ ಅನ್ನು, ಅಷ್ಟೆ."

"ಹೋಗಿರ್ಲಿಲ್ಲ."

"ಗೊತ್ತು ಕಣೆ, ನನಗೆ ಗೊತ್ತಿಲ್ವಾ?"

"ಅಕ್ಕನಿಗೆ ಗೊತ್ತಿರ್ಲಿಲ್ಲ. ನಾನು ಬರ್ತೀನಿ ಅಂತಾನೇ ಬಾಗಿಲ ಕಡೆ ತಿರುಗಿ ಮಲಗಿದ್ಲಂತೆ."

ಸಲಹೆಗಾರ ಗಂಟಲು ಸರಿಮಾಡಿಕೊಂಡ. "ಜ್ವರ ಅಂತಾನೇ ಮಾಡಿಬಿಡ್ತೀನಿ ಬಿಡಿ ಅಮ್ಮ. ಒಂದು ಸಾಲು ತಿದ್ದಿದ್ರೆ ಆಯ್ತು."

"ಬೇಡ. ಆ ಹಳದಿ ಅಳಿಸಿ. ಅಷ್ಟೂ ದಿನ ನಾನು ಇದೇ ಕುರ್ಚೀಲಿ ಕೂತಿದ್ದೆ ಅಂತ ಬರೀರಿ."

"ಅದಕ್ಕೆ ಸಾಕ್ಷಿ ಕೇಳ್ತಾರೆ."

ತಂಗಿ ಪೆನ್ನಿಗೆ ಮುಚ್ಚಳ ಹಾಕಿ ಅಣ್ಣನ ಮುಂದಿಟ್ಟಳು.

"ಇವನ ಸಹಿ ತಗೊಳ್ಳಿ. ಏಳೋಕೆ ಬಿಡದೆ ಕೂರಿಸಿದ್ದು ಇವನೇ."