ವಾರಕ್ಕೆ ಮೂವತ್ತು ಜೇನು

"ಸೊಂಟ, ಭುಜ, ಎರಡೂ ಮುಂಗೈ, ಎಲ್ಲಾ ಒಟ್ಟಿಗೆ ಹಿಡ್ಕೊಂಡ್ಬಿಟ್ಟಿದೆ ಇವತ್ತು," ಎಂದಳು ಲೋರ್ನಾ. ಅಡುಗೆಮನೆಯ ಕುರ್ಚಿಯಲ್ಲಿ ಹಿಂದುಮುಂದಾಗಿ ಕುಳಿತು, ಅಂಗಿ ಮೇಲೆತ್ತಿ, ಗಂಡನಿಗೆ ಬೆನ್ನು ಕೊಟ್ಟಿದ್ದಳು. ಆಲ್ಡೆನ್ ಒಂದು ಕೈಯಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಚಿಮುಟ ಹಿಡಿದು ನಿಂತಲ್ಲೇ ನಿಂತ. ಮೇಜಿನ ಮೇಲಿನ ಜಾಡಿಯಲ್ಲಿ ಹತ್ತು ಜೇನುನೊಣಗಳು ಗುಂಯ್ ಎನ್ನುತ್ತಿದ್ದವು.

ಆರು ವರ್ಷದ ಹಿಂದೆ ಎಳ್ಳುಕಾಳಿನಷ್ಟಿದ್ದ ಉಣುಗೊಂದು ಅವಳ ಮಂಡಿಯ ಹಿಂದೆ ಕಚ್ಚಿಕೊಂಡಿತ್ತು. ಅಮೆರಿಕದ ಕನೆಕ್ಟಿಕಟ್‌ನ ಆ ಊರಲ್ಲಿ ಉಣುಗು ಹರಡುವ ಲೈಮ್ ಕಾಯಿಲೆ ಕಾಲಿಡದ ಮನೆಯನ್ನು ಹುಡುಕಬೇಕು. ಹೆಚ್ಚಿನವರು ಮೂರು ವಾರ ಮಾತ್ರೆ ನುಂಗಿ ಎದ್ದು ಓಡಾಡಿದರು, ಲೋರ್ನಾ ಏಳಲಿಲ್ಲ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಗೋಡೆ ಕಟ್ಟುವುದು ಅವಳ ಕಸುಬು. ಅಂಥವಳಿಗೆ ಚಹಾದ ಬಟ್ಟಲೂ ಭಾರವಾಯಿತು. ಹಿತ್ತಲಲ್ಲಿ ತನಗೆಂದೇ ಶುರುಮಾಡಿದ್ದ ಗೋಡೆ ಅರ್ಧಕ್ಕೇ ನಿಂತಿತು. ಆಮೇಲೆ ಪ್ರಯೋಗದ ಮೇಲೆ ಪ್ರಯೋಗ. ಆಂಟಿಬಯಾಟಿಕ್ ಹೊಟ್ಟೆ ಕೆಡಿಸಿತು. ಹೊಳೆದಂಡೆಯ ಕಳೆಗಿಡದ ಬೇರು ಅಗೆದು ತಂದು ಕಷಾಯ ಕಾಸಿ ಕುಡಿದಳು. ಸಕ್ಕರೆ ಬಿಟ್ಟಳು, ಗೋಧಿ ಬಿಟ್ಟಳು. ಅವಳು ಬೆವರಲೆಂದು ಆಲ್ಡೆನ್ ಸೌದೆಮನೆಯನ್ನೇ ಹಬೆಕೋಣೆ ಮಾಡಿದ. ಈ ವಸಂತದಿಂದ ಜೇನಿನ ವಿಷ: ಸೋಮವಾರ, ಬುಧವಾರ, ಶುಕ್ರವಾರ, ಬೆನ್ನುಹುರಿಯ ಅಕ್ಕಪಕ್ಕ ಹತ್ತು ಹತ್ತು ಕುಟುಕು. ಡಾಕ್ಟರು ಬೇಡವೆಂದರು, ಗುರುವಾರ ಸೇರುವ ರೋಗಿಗಳ ಗುಂಪು ಬೆನ್ನು ತಟ್ಟಿತು.

ಆ ಗುಂಪಿಗೊಂದು ನಂಬಿಕೆ. ನೋವು ಹೆಚ್ಚಾದರೆ ಮದ್ದು ನಾಟಿದೆ, ಒಳಗೆ ಕ್ರಿಮಿ ಸಾಯುತ್ತಿದೆ ಎಂದರ್ಥ. ಹಾಗಾಗಿ ಹೆಂಡತಿ ಹಾಸಿಗೆ ಬಿಟ್ಟು ಏಳಲಾರದ ದಿನವೇ ಆಲ್ಡೆನ್ ಸಂಭ್ರಮದಿಂದ ಬ್ಲೂಬೆರಿ ಹಣ್ಣಿನ ಪೈ ಬೇಯಿಸುತ್ತಿದ್ದ. ಇವತ್ತು ಅವನಿಗೆ ಪೈ ನೆನಪಾಗಲಿಲ್ಲ. ಕ್ರಿಮಿ ಸಾಯುವಂಥ ಮದ್ದು ಅವಳ ಮೈಗೆ ಹೋಗಿಯೇ ಇರಲಿಲ್ಲ ಎಂಬುದು ಅವನೊಬ್ಬನಿಗೆ ಗೊತ್ತಿತ್ತು.

"ಲೋರ್ನಾ, ಇವು ಕುಟುಕೋ ನೊಣಗಳಲ್ಲ," ಎಂದ. "ಗಂಡು ನೊಣ. ಗಂಡಿಗೆ ಮುಳ್ಳೇ ಇರಲ್ಲ. ಒಂದು ತಿಂಗಳಿಂದ ಇವನ್ನೇ ತರ್ತಿದ್ದೀನಿ."

ಒಮ್ಮೆ ಬಾಯಿಬಿಟ್ಟ ಮೇಲೆ ಎಲ್ಲವೂ ಹೊರಗೆ ಬಂತು. ಒಂದು ಬುಧವಾರ ಅವಳ ಬೆನ್ನು ಊದಿದ್ದು ಕಂಡು ಅವನಿಗೆ ಮತ್ತೆ ಕುಟುಕಿಸುವ ಧೈರ್ಯ ಬರಲಿಲ್ಲ. ಮರುದಿನವೇ ಜೇನು ಸಾಕುವ ಪಕ್ಕದ ಮನೆಯ ಹಾಯ್ಟ್‌ನ ಬಳಿ ಹೋಗಿ ಗುಟ್ಟು ಹೇಳಿದ. ಗೂಡಿನಲ್ಲಿ ತಿಂದುಕೊಂಡು ಬಿದ್ದಿರುವ ಗಂಡುಗಳಿಗೇನು ಬರವೇ ಎಂದು ಹಾಯ್ಟ್ ನಗುತ್ತಾ ಜಾಡಿ ತುಂಬಿಕೊಟ್ಟ. ಅಂದಿನಿಂದ ಮಂಜುಗಡ್ಡೆ ಇಟ್ಟು ಬೆನ್ನು ಮರಗಟ್ಟಿಸುವುದು, ಚಿಮುಟದಿಂದ ಚಿವುಟುವುದು, ಉರಿ ಇರಲೆಂದು ಒಂದಿಷ್ಟು ತುರಿಕೆ ಸೊಪ್ಪು ತಾಗಿಸುವುದು, ಕೊನೆಗೆ ಹತ್ತೂ ನೊಣಗಳನ್ನು ಕಿಟಕಿಯಿಂದ ಹಾರಿಬಿಡುವುದು. ತನ್ನ ಪುಕ್ಕಲುತನದಿಂದಲೇ ನೋವು ವಾಪಸು ಬಂತೆಂದು ಹೇಳಿ ಚಿಮುಟವನ್ನು ಮೇಜಿನ ಮೇಲಿಟ್ಟ.

ಲೋರ್ನಾ ಅಂಗಿ ಇಳಿಸಿಕೊಂಡು ಎದ್ದಳು. ಬೂಟು ಹಾಕಿಕೊಳ್ಳಲು ಅವನಿಗೆ ಸನ್ನೆ ಮಾಡಿದಳು. ಇಬ್ಬರೂ ಉಣುಗು ಹತ್ತದಂತೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡು ಹಿತ್ತಲ ಹುಲ್ಲಿಗೆ ಇಳಿದರು. ಲೈಲಾಕ್ ಪೊದೆಯ ಹಿಂದೆ, ಪಾಚಿಗಟ್ಟಿದ ಹಳೆಯ ಗೋಡೆ ನಿಂತುಹೋಗಿದ್ದ ಕಡೆಯಿಂದ ಮುಂದಕ್ಕೆ ಎರಡು ಮಾರು ಹೊಸ ಗೋಡೆ ಎದ್ದಿತ್ತು. ಅದರ ಕಲ್ಲುಗಳಿಗೆ ಇನ್ನೂ ಮಣ್ಣು ಮೆತ್ತಿಕೊಂಡಿತ್ತು.

ಶನಿವಾರ ಅವನು ಊರಾಚೆಯ ಕಸದ ಅಂಗಳಕ್ಕೆ ಕಸ ಹಾಕಲು ಹೋಗಿ ಅಲ್ಲಿ ಸೇರುವ ಊರಿನ ಅಗ್ನಿಶಾಮಕದವರ ಜೊತೆ ಹರಟೆ ಹೊಡೆಯುವಾಗ, ಸಂಜೆ ಅವನು ತೂಕಡಿಸುವಾಗ ಮೂರು ವಾರದಿಂದ ಅವಳು ಕಲ್ಲು ಎತ್ತುತ್ತಿದ್ದಳಂತೆ. ನಿನ್ನೆ ಒಂದೇ ಸಂಜೆ ಏಳು ಕಲ್ಲು. ಆರು ವರ್ಷದಲ್ಲಿ ಅವನು ಎಷ್ಟು ಸಲ ಆಸೆಪಟ್ಟು ಸೋತಿದ್ದನೋ. ಬಲ ಬಂದದ್ದು ಖಚಿತವಾಗುವವರೆಗೆ ಹೇಳುವುದು ಬೇಡ ಅನ್ನಿಸಿತ್ತು ಅವಳಿಗೆ.

"ಇದು ಕಾಯಿಲೆ ನೋವಲ್ಲ ಕಣೋ, ಕೆಲಸದ ನೋವು," ಎಂದಳು. "ಇದು ಹೇಗಿರುತ್ತೆ ಅನ್ನೋದೇ ಮರೆತುಹೋಗಿತ್ತು. ಎಲ್ಲಾ ಜೇನು ಕೊಟ್ಟ ಬಲ ಅಂದ್ಕೊಂಡಿದ್ದೆ."

ಆ ಕೊನೆಯ ಮಾತು ಅವಳ ಕಿವಿಗೇ ವಿಚಿತ್ರವಾಗಿ ಕೇಳಿಸಿತು. ಒಂದು ತಿಂಗಳಿಂದ ಜೇನು ಏನೂ ಕೊಟ್ಟಿರಲಿಲ್ಲವಲ್ಲ. ಇವತ್ತಿಗೆಂದು ಆರಿಸಿಟ್ಟಿದ್ದ ಅಗಲ ಕಲ್ಲೊಂದು ಕಾಲ ಬಳಿ ಬಿದ್ದಿತ್ತು. ಮೊದಲ ಸಲ ನೋಡುವವಳ ಹಾಗೆ ಅದನ್ನೇ ನೋಡುತ್ತಾ ನಿಂತಳು. ಸುಳ್ಳು ಹೇಳಿದ್ದಕ್ಕಿಂತ ನಿಜ ಹೇಳಿದ್ದೇ ತಪ್ಪಾಯಿತೇನೋ ಎಂದು ಆಲ್ಡೆನ್‌ಗೆ ಅನ್ನಿಸಿತು. ಇವತ್ತು ಬೇಡ, ನಾಳೆ ನೋಡೋಣ ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂಡಿ ಮಡಚಿ, ಬೆರಳನ್ನು ಕಲ್ಲಿನಡಿಗೆ ತೂರಿಸಿ, ಒಂದು ಗಳಿಗೆ ಹಾಗೇ ಕುಳಿತಳು. ಆಮೇಲೆ ಎತ್ತಿದಳು. ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ನಡೆದು ಗೋಡೆಯ ಮೇಲೆ ಕೂರಿಸಿದಳು. ಕಲ್ಲು ತೊನೆದಾಡಿತು. ಅದರ ಕೆಳಗೆ ಒಂದು ಕಲ್ಲಿನ ಚಕ್ಕೆ ಸಿಗಿಸಿ, ಸುತ್ತಿಗೆಯಿಂದ ಬಡಿದು, ಎರಡೂ ಅಂಗೈ ಊರಿ ಅಲುಗಿಸಿ ನೋಡಿದಳು. ಅಲುಗಲಿಲ್ಲ.

ಆಲ್ಡೆನ್ ಕಣ್ಣೊರೆಸಿಕೊಂಡ. ಸೋಮವಾರಕ್ಕೆ ಏನು ಮಾಡುವುದು, ಹಾಯ್ಟ್‌ನಿಂದ ನಿಜವಾದ ನೊಣ ತರುವುದೋ, ಪೂರ್ತಿ ನಿಲ್ಲಿಸಿಬಿಡುವುದೋ ಎಂದು ಕೇಳಿದ.

ಲೋರ್ನಾ ಅಂಗೈಯ ಮಣ್ಣನ್ನು ಅವನ ಅಂಗಿಗೇ ಒರೆಸಿದಳು. "ಏನೂ ಬದಲಾಯಿಸ್ಬೇಡ. ಸರಿಯಾಗಿ ಹತ್ತು ಗಂಟೆಗೆ, ಅದೇ ಕೆಲಸಕ್ಕೆ ಬಾರದ ಗಂಡಸರನ್ನೇ ಕರ್ಕೊಂಡು ಬಾ."